ಹಿಂದಕ್ಕೆ ಹರಿದ ಗೋದಾವರಿ

ಎಡ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟ ದಿನ ನಾನು ಅಟ್ಟಣಿಗೆಯಿಂದ ಇಳಿದೆ. ಶಾಲಿಲ್ಲ, ಹಾರವಿಲ್ಲ, ಭಾಷಣವಿಲ್ಲ. ಗೋಡೆಗೆ ಚಿತ್ರ ಬರೆಯುವವನ ನಿವೃತ್ತಿ ಅಂದರೆ ಇಷ್ಟೇ: ಒಂದು ದಿನ ಹತ್ತಲು ಆಗುವುದಿಲ್ಲ, ಮರುದಿನದಿಂದ ಹತ್ತುವುದಿಲ್ಲ. ಕುಂಚಗಳನ್ನು ಸೀಮೆ ಎಣ್ಣೆಯಲ್ಲಿ ತೊಳೆದು, ಹಳೆಯ ಧೋತರದಲ್ಲಿ ಸುತ್ತಿ, ಮಂಚದ ಕೆಳಗೆ ತಳ್ಳಿದೆ. ನಿಜ ಹೇಳಬೇಕೆಂದರೆ ಹಾಯೆನಿಸಿತು.

ನಾಶಿಕದಲ್ಲಿ ನಮ್ಮ ಕಡೆಯವರ ಮಕ್ಕಳು ನಾಲ್ಕೈದು ಮಂದಿ ಈಗ ಈ ಕೆಲಸಕ್ಕೆ ಬಂದಿದ್ದಾರೆ. ಅಪ್ಪ ಅವ್ವ ಸೈಟಿನಲ್ಲಿ ಇಟ್ಟಂಗಿ ಹೊತ್ತು ಗೋಡೆ ಎಬ್ಬಿಸಿದರು, ಮಕ್ಕಳು ಗೋಡೆಯ ಮೇಲೆ ಊರು ಬರೆಯುತ್ತಾರೆ. ಅವರಲ್ಲಿ ಲಕ್ಷ್ಮಿ ಎಂಬವಳು ಮೊನ್ನೆ ಬಂದು ಮೊಬೈಲನ್ನು ನನ್ನ ಮುಖಕ್ಕೆ ಹಿಡಿದು, "ಕಾಕಾ, ನಿಮ್ಮ ಅನುಭವ ಎರಡು ಮಿನಿಟದಾಗ ಹೇಳ್ರಿ" ಎಂದಳು. ನಲವತ್ತು ವರ್ಷ, ಎರಡು ಮಿನಿಟು! ಬೈದು ಕಳಿಸಿದೆ. ಆಮೇಲೆ ಪಾಪ ಅನಿಸಿ ಬರೆಯಲು ಕುಳಿತೆ. ಈ ಮಕ್ಕಳಿಗೆ ಕನ್ನಡ ಕಿವಿಗೆ ತಿಳಿಯುತ್ತದೆ, ಕಣ್ಣಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಓದಬಲ್ಲವರು ಯಾರಾದರೂ ಓದಿ ಹೇಳಲಿ.

ನನ್ನ ಹೆಸರು ಭೀಮಪ್ಪ. ಊರು ಇಂಡಿ ತಾಲೂಕಿನ ಒಂದು ಹಳ್ಳಿ. ಅಪ್ಪ ಗೌಂಡಿ ಕೆಲಸ ಹುಡುಕಿಕೊಂಡು ಮೊದಲು ಛತ್ರಪತಿ ಸಂಭಾಜಿನಗರಕ್ಕೆ ಬಂದ. ಆಗ ಆ ಊರಿಗೆ ಬೇರೆ ಹೆಸರಿತ್ತು. ನನಗೂ ಕರಣೆ ಕೊಟ್ಟ. ನಾನು ಗಿಲಾವು ಮಾಡಿದ ಗೋಡೆ ನೋಡಿ ಮೇಸ್ತ್ರಿ, "ಇದು ಗೋಡೆನೋ, ಹೆಸರುಬೇಳೆ ಹಪ್ಪಳಾನೋ?" ಎಂದು ಕೇಳಿದ. ಅದೇ ಹಪ್ಪಳದ ಮೇಲೆ ಊಟದ ಹೊತ್ತಿಗೆ ನಾನು ಇದ್ದಿಲಿನಿಂದ ಮೇಸ್ತ್ರಿಯ ಮುಖ ಬರೆದೆ. ಮೂಗು ಸ್ವಲ್ಪ ದೊಡ್ಡದಾಗಿತ್ತು. ಕೆಲಸ ಹೋಯಿತು. ಆದರೆ ಬೋರ್ಡು ಬರೆಯುವ ರಹೀಮ್ ಉಸ್ತಾದರು ಆ ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿ ನಕ್ಕರು. ಮರುದಿನದಿಂದ ನಾನು ಅವರ ಅಂಗಡಿಯಲ್ಲಿದ್ದೆ.

ಉಸ್ತಾದರ ಅಂಗಡಿಯಲ್ಲಿ ನನ್ನ ಮೊದಲ ದೊಡ್ಡ ತಪ್ಪು ಒಂದು ದರವಾಜೆ. ಆ ಊರು ಬಾಗಿಲುಗಳ ಊರು. ಹಳೆಯ ಕೋಟೆಗೋಡೆ ಹೋಗಿ ದರವಾಜೆಗಳು ಮಾತ್ರ ರಸ್ತೆಯ ನಡುವೆ ನಿಂತಿವೆ, ಅವುಗಳ ಕೆಳಗೆ ರಿಕ್ಷಾ, ಬೈಕು, ಎಮ್ಮೆ ಎಲ್ಲ ಹಾದುಹೋಗುತ್ತವೆ. ಒಂದು ಶಾಲೆಯವರು ತಮ್ಮ ಗೋಡೆಯ ಮೇಲೆ ಹತ್ತಿರದ ದರವಾಜೆ ಬರೆಯಿರಿ ಅಂದರು. ನಾನು ಪೋಸ್ಟ್‌ಕಾರ್ಡ್ ನೋಡಿ ಬರೆದೆ. ಕಮಾನು ಸರಿಯಾಗಿತ್ತು, ಕಲ್ಲು ಸರಿಯಾಗಿತ್ತು. ಉಸ್ತಾದರು ಬಂದು ನೋಡಿ ಕೇಳಿದ್ದು ಒಂದೇ ಮಾತು.

"ಬೇಟಾ, ಈ ಊರಾಗ ಪ್ಲೇಗು ಬಂದಿತ್ತೇನು? ಮಂದಿ ಎಲ್ಲಿ?"

ಮರುದಿನ ಬೆಳಗಿನಿಂದ ಮಧ್ಯಾಹ್ನದ ತನಕ ನನ್ನನ್ನು ಆ ದರವಾಜೆಯ ಕೆಳಗೆ ನಿಲ್ಲಿಸಿದರು. ಕಾಗದವಿಲ್ಲ, ಪೆನ್ಸಿಲ್ಲಿಲ್ಲ, ಬರೀ ನಿಲ್ಲುವುದು. ಹಾಲಿನವನು ಎಷ್ಟು ಹೊತ್ತಿಗೆ ಹೋಗುತ್ತಾನೆ, ನೆರಳು ಯಾವ ಕಡೆ ಬೀಳುತ್ತದೆ, ಕಮಾನಿನ ಕೆಳಗೆ ಬಂದಾಗ ಜನ ಯಾಕೆ ತಲೆ ತಗ್ಗಿಸುತ್ತಾರೆ. ಕಮಾನು ಮೂವತ್ತು ಅಡಿ ಎತ್ತರದಲ್ಲಿದ್ದರೂ ತಗ್ಗಿಸುತ್ತಾರೆ, ನೀವೂ ಹೋಗಿ ನೋಡಿ. ಪಕ್ಕದಲ್ಲಿ ಒಬ್ಬ ಸೈಕಲ್ ರಿಪೇರಿಯ ಮುದುಕ ಕುಳಿತಿದ್ದ. ಅವನನ್ನೂ ಚಿತ್ರದೊಳಗೆ ಸೇರಿಸಿದೆ. ಚಿತ್ರ ಮುಗಿದ ಮೇಲೆ ಮುದುಕ ಕನ್ನಡಕ ಒರೆಸಿಕೊಂಡು ಬಂದು ಬಹಳ ಹೊತ್ತು ನೋಡಿದ. ಹೊಗಳುತ್ತಾನೆ ಎಂದು ನಾನು ಎದೆ ಉಬ್ಬಿಸಿ ನಿಂತೆ. "ನನ್ನ ಗಾಳಿ ಪಂಪು ಎಲ್ಲಿ ಹೋಯ್ತು?" ಎಂದ. ಪಂಪು ಬರೆದುಕೊಟ್ಟ ಮೇಲೆಯೇ ಹೋದ.

ಇನ್ನೊಂದು ಮಾತನ್ನು ಉಸ್ತಾದರು ಕಲಿಸಿದರು. ಚಿತ್ರದ ಮೂಲೆಯಲ್ಲಿ ಸಹಿ ಹಾಕುವಾಗ ಹೆಸರಿನ ಪಕ್ಕದಲ್ಲಿ ಊರು ಬರೆಯಬೇಕು. ಅವರದು ಹಾಗೆ ಪದ್ಧತಿ: ಹೆಸರು, ಒಂದು ಚುಕ್ಕೆ, ಊರು. ಊರಿಲ್ಲದ ಸಹಿ ಅರ್ಧ ಸಹಿ ಎನ್ನುತ್ತಿದ್ದರು. ನಾನು ಯಾವ ಊರು ಬರೆಯಲಿ? ಇಂಡಿ ಬರೆದರೆ ಇಲ್ಲಿ ಯಾರಿಗೆ ಗೊತ್ತು? ಈ ಊರನ್ನೇ ಬರೆಯೋಣವೆಂದರೆ ನಾನು ಬಂದು ಎರಡು ವರ್ಷವೂ ಆಗಿರಲಿಲ್ಲ. 'ಭೀಮೂ ಪೇಂಟರ್' ಎಂದು ಬರೆದು ಮುಂದೆ ಜಾಗ ಖಾಲಿ ಬಿಟ್ಟೆ. "ಸರಿ, ಊರು ಸಿಕ್ಕ ಮೇಲೆ ಬರಿ" ಎಂದು ಉಸ್ತಾದರು ಬಿಟ್ಟರು. ಆ ಖಾಲಿ ಜಾಗ ನನ್ನ ಸಂಗಡ ಮೂವತ್ತು ವರ್ಷಕ್ಕೂ ಮೇಲೆ ತಿರುಗಿತು.

ಅಪ್ಪನಿಗೆ ನಾಶಿಕದಲ್ಲಿ ದೊಡ್ಡ ಸೈಟು ಸಿಕ್ಕಿತು, ನಾವೆಲ್ಲ ಈ ಕಡೆ ಬಂದೆವು. ನನ್ನ ಮದುವೆಯೂ ಆಯಿತು. ಹೆಂಡತಿ ಕಸ್ತೂರಿ ಜಮಖಂಡಿ ಕಡೆಯವಳು. ಬಣ್ಣ ಕಲಸುವುದರಲ್ಲಿ ನನಗಿಂತ ಜಾಣೆ, ಮಾತಿನಲ್ಲಂತೂ ಕೇಳುವುದೇ ಬೇಡ.

ನಾಶಿಕದ ಸಾತಪುರದ ಕಾರಖಾನೆಗಳಲ್ಲಿ ನಾನು ಬಹಳ ವರ್ಷ ದುಡಿದೆ. 'ಕೈ ಇಡಬೇಡಿ', 'ಬೆಂಕಿ, ಎಚ್ಚರ', ಯಂತ್ರಗಳ ನಂಬರು, ಇಂಥವೇ. ಒಮ್ಮೆ ಒಂದು ಕಾರಖಾನೆಯ ಮ್ಯಾನೇಜರ್ ಸಾಹೇಬರಿಗೆ ತಮ್ಮ ಕಂಪೌಂಡಿನ ಮೇಲೆ ನಾಶಿಕದ ಚಿತ್ರ ಬೇಕೆನಿಸಿತು. ದ್ರಾಕ್ಷಿ ಗೊಂಚಲು, ದೇವಸ್ಥಾನ, ಗುಡ್ಡ ಅಂತ ಚೀಟಿ ಬರೆದುಕೊಟ್ಟರು. ಉಸ್ತಾದರ ಪಾಠ ನೆನಪಿಟ್ಟು ನಾನು ಗೇಟಿನ ಮುಂದೆ ನಿಂತೆ. ಪಾಳಿ ಬಿಟ್ಟಾಗ ನೂರಾರು ಜನ ಬೈಕಿನ ಮೇಲೆ ಹೊರಬಂದರು. ಹಿಡಿಕೆಗೆ ಡಬ್ಬಿ ಚೀಲ, ಹಿಂದೆ ಜೊತೆಗಾರ, ಮುಖದ ಮೇಲೆ ಬಿಡುಗಡೆ. ಇದೇ ನಾಶಿಕ ಅನಿಸಿತು. ಗೊಂಚಲನ್ನು ಮೂಲೆಗೆ ತಳ್ಳಿ ಬೈಕುಗಳನ್ನು ಸಾಲಾಗಿ ಬರೆದೆ. ಕಾರ್ಮಿಕರು ಖುಷಿಯಾದರು. "ಅವನು ನಾನೇ, ಹೊಟ್ಟಿ ನೋಡು" ಎಂದು ಒಬ್ಬರನ್ನೊಬ್ಬರು ತಿವಿದರು.

ಮೂರನೆಯ ದಿನ ಟ್ರಾಫಿಕ್ ಹವಾಲ್ದಾರ ಬಂದು ಗೋಡೆಯ ಮುಂದೆ ಗಾಡಿ ನಿಲ್ಲಿಸಿದ. ನೋಡಿದ, ನೋಡಿದ, ಕೊನೆಗೆ, "ಪೇಂಟರ್, ಹದಿನಾಲ್ಕು ಮಂದ್ಯಾಗ ಒಬ್ಬನ ತಲಿಮ್ಯಾಲೂ ಹೆಲ್ಮೆಟ್ ಇಲ್ಲಲ್ಲ!" ಎಂದ. ನಾನು, ಸಾಹೇಬ್ರೇ ಇದು ಚಿತ್ರ ಅಂದೆ. "ಚಿತ್ರ ನೋಡೇ ಮಂದಿ ಕಲೀತಾರ" ಎಂದ. ಮಾತು ಸರಿಯೇ. ಎರಡು ದಿನ ಕುಳಿತು ಹದಿನಾಲ್ಕು ಹೆಲ್ಮೆಟ್ಟು ಬರೆದೆ. ಹೆಲ್ಮೆಟ್ಟಿನ ಕೆಳಗೆ ಯಾರು ಯಾರೆಂದು ಯಾರಿಗೂ ಗೊತ್ತಾಗದೆ ಕಾರ್ಮಿಕರೆಲ್ಲ ನನ್ನ ಮೇಲೆ ಸಿಟ್ಟಾದರು. ಹೊಟ್ಟೆಯವನೊಬ್ಬ ಮಾತ್ರ ಈಗಲೂ ಗುರುತು ಸಿಗುತ್ತಾನೆ.

ಆಮೇಲೆ ಫ್ಲೆಕ್ಸ್ ಬಂತು. ಅದರ ಬಗ್ಗೆ ಹೆಚ್ಚು ಬರೆಯಲಾರೆ, ಬರೆದರೆ ಬಾಯಿ ಹೊಲಸಾಗುತ್ತದೆ. ನಾವು ಮೂರು ದಿನ ಕುಳಿತು ಬರೆಯುವ ಬೋರ್ಡನ್ನು ಯಂತ್ರ ಚಹಾ ಕುಡಿಯುವುದರೊಳಗೆ ಉಗುಳಿತು. ಆ ವರ್ಷಗಳಲ್ಲಿ ನಾನು ಸಂಭಾಜಿನಗರದ ದಾರಿಯಲ್ಲಿರುವ ವೈಜಾಪುರಕ್ಕೆ ಹೋಗಿ ಟ್ರ್ಯಾಕ್ಟರ್ ಟ್ರಾಲಿಗಳ ಬೆನ್ನಿಗೆ ನವಿಲು, ಎತ್ತು, ಕಮಲ ಬರೆದೆ. ರೈತರು ಮಾಲು ಮಾರಲು ಬಂದಾಗ ಮಾರುಕಟ್ಟೆಯ ಹೊರಗೆ ಟ್ರಾಲಿ ನಿಲ್ಲುತ್ತಿತ್ತು, ಮಾಲು ಇಳಿಯುವುದರೊಳಗೆ ನವಿಲು ಮುಗಿಯಬೇಕು. ಅವಸರದಲ್ಲಿ ಒಂದು ನವಿಲಿಗೆ ಮೂರು ಕಾಲು ಬರೆದೆ. ರೈತ ಬೇಜಾರಾಗಲಿಲ್ಲ. "ಇರ್ಲಿ ಬಿಡು, ಲೋಡ್ ಜಾಸ್ತಿ ಐತಿ" ಎಂದ. ಹೀಗೆ ಬದುಕಿಕೊಂಡೆವು.

ಮತ್ತೆ ಗೋಡೆಗಳಿಗೆ ಕಾಲ ಬಂದದ್ದು ಕೆಲವು ವರ್ಷಗಳ ಹಿಂದೆ. ಊರಿನ ಗೋಡೆಗಳ ಮೇಲೆ ಊರಿನ ಕಲಾವಿದರೇ ಊರನ್ನು ಬರೆಯಬೇಕು ಎಂದು ಪಾಲಿಕೆಯಲ್ಲಿ ನಿರ್ಧಾರವಾಯಿತು. ಸ್ಥಳೀಯ ಕಲಾವಿದರ ಪಟ್ಟಿ ಮಾಡಲು ಸಭೆ ಕರೆದರು. ನಾನೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ.

ಅಲ್ಲಿ ದತ್ತಾ ಪೇಂಟರ್ ಎದ್ದು ನಿಂತ. ದತ್ತಾ ಗೋದಾವರಿಯ ಆಚೆ ದಂಡೆಯ ಪಂಚವಟಿಯ ಓಣಿಯಲ್ಲೇ ಹುಟ್ಟಿ ಬೆಳೆದವನು. ಅವನ ಅಜ್ಜ ದೇವಸ್ಥಾನದ ಗೋಡೆಗಳಿಗೆ ಚಿತ್ರ ಬರೆದವನು. ಕೈ ಬಂಗಾರ, ನಾಲಿಗೆ ಚಾಟಿ. ಅವನ ಮರಾಠಿಯನ್ನು ನಾನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಬೈಗುಳಗಳನ್ನು ಬಿಟ್ಟು. "ಭೀಮೂ ನನ್ನ ದೋಸ್ತ ಅದಾನ, ಕೆಲಸಾನೂ ಛಲೋ ಮಾಡ್ತಾನ. ಆದ್ರ ಅಂವ ಬಾಹೇರ್‌ಚಾ ಮಾಣೂಸ್, ಹೊರಗಿನಂವ. ಭೀಮಾ ಹೊಳಿ ನೀರು ಕುಡದಂವಗ ನಮ್ಮ ಗಂಗಿ ಏನು ತಿಳೀತಾಳ?" ಎಂದ. ನಾಶಿಕದವರು ಗೋದಾವರಿಯನ್ನು ಗಂಗೆ ಎಂದೇ ಕರೆಯುವುದು. ನಾನೂ ಹಾಗೇ ಕರೆಯುತ್ತೇನೆ.

ಪಾಲಿಕೆಯ ಸಾಹೇಬರು ಜಾಣರು. "ಮೊದಲು ಎಲ್ಲರಿಗೂ ಒಂದೊಂದು ಗೋಡೆ. ನೋಡಿ ಆಮೇಲೆ ಪಟ್ಟಿ" ಎಂದರು. ನನಗೆ ಸಿಕ್ಕಿದ್ದು ಪಂಚವಟಿಗೆ ಹೋಗುವ ರಸ್ತೆಯ ಗೋಡೆ, ಬರೆಯಬೇಕಾದದ್ದು ಗೋದಾವರಿಯ ಘಾಟು. ಬೇಕೆಂದೇ ಕೊಟ್ಟರೋ ಏನೋ. ಪರೀಕ್ಷೆ ಅಂದರೆ ಪರೀಕ್ಷೆ.

ಮಕ್ಕಳೇ, ಪಟ್ಟಿಯಲ್ಲಿ ಹೆಸರು ಬರುವುದು ಬಿಡುವುದು ಅಂಥ ದೊಡ್ಡ ಮಾತೇನೂ ಅಲ್ಲ ಎಂದು ನಿಮಗೆ ಅನಿಸಬಹುದು. ನನಗೆ ಅದು ಹಾಗಿರಲಿಲ್ಲ. ನನ್ನ ಮಗಳು ಹುಟ್ಟಿದ್ದು ಈ ಊರಲ್ಲಿ. ಅಪ್ಪನ ಬೂದಿ ಬಿಟ್ಟದ್ದು ಇದೇ ನೀರಲ್ಲಿ. ಇಷ್ಟಾದ ಮೇಲೂ ಇವನು ಹೊರಗಿನವನು ಎಂದು ಸರಕಾರಿ ಕಾಗದದ ಮೇಲೆ ಬಂದರೆ ನಾನು ಎಲ್ಲಿಯವನು? ಇಂಡಿಗೆ ಹೋದರೆ ಅಲ್ಲಿ 'ಮರಾಠಿ ಮಾಮಾ' ಎಂದು ಕರೆಯುತ್ತಾರೆ. ಅಲ್ಲೂ ಇಲ್ಲ, ಇಲ್ಲೂ ಇಲ್ಲ.

ಎಂಟು ದಿನ ಬೆಳಿಗ್ಗೆ ಹಳೇ ಊರಿನ ಕಡೆಯ ದಂಡೆಗೆ ಹೋಗಿ ನಿಂತೆ. ಅಲ್ಲಿ ನಿಂತು ಪಂಚವಟಿಯ ಕಡೆ ನೋಡಿದರೆ ಎಡಗಡೆ ಮಂದಿ ಪುಣ್ಯಸ್ನಾನ ಮಾಡುವ ರಾಮಕುಂಡ, ಬಲಗಡೆ ಸ್ವಲ್ಪ ಕೆಳಗೆ ದುತೊಂಡ್ಯಾ ಮಾರುತಿ. ಎರಡೂ ಕಡೆ ಮುಖವಿರುವ ಮಾರುತಿ ಅವನು, ನೀರಿನ ಹಾದಿಯಲ್ಲೇ ನಿಂತಿದ್ದಾನೆ. ಮಹಾಪೂರ ಎಷ್ಟಿದೆ ಎಂದು ಈ ಊರಲ್ಲಿ ಅಡಿ ಇಂಚಿನಲ್ಲಿ ಯಾರೂ ಹೇಳುವುದಿಲ್ಲ, "ಮಾರುತಿಯ ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ಕೊರಳಿಗೆ ಬಂತು" ಎನ್ನುತ್ತಾರೆ. ನೀರು ಎಡದಿಂದ ಬಲಕ್ಕೆ ಹರಿಯುತ್ತದೆ. ಈ ಎಡ ಬಲ ನೆನಪಿಡಿ. ನಾನು ಮರೆತೆ.

ಮರೆತದ್ದು ಹೇಗೆ ಎಂದು ಹೇಳಬೇಕೆಂದರೆ ಖಾಕಾದ ಮಾತು ಹೇಳಬೇಕು. ನೀವು ಈಗ ಪ್ರೊಜೆಕ್ಟರ್ ಹಚ್ಚಿ ಗೋಡೆಯ ಮೇಲೆ ಬೆಳಕು ಬಿಟ್ಟು ಗೆರೆ ಎಳೆಯುತ್ತೀರಿ. ನಾವು ಹಾಗಲ್ಲ. ಚಿತ್ರವನ್ನು ದೊಡ್ಡ ಕಾಗದದ ಮೇಲೆ ಪೆನ್ಸಿಲಿನಿಂದ ಬರೆದು, ಅದರ ಕೆಳಗೆ ಇನ್ನೊಂದು ಖಾಲಿ ಕಾಗದ ಇಟ್ಟು, ಗೆರೆಯ ಗುಂಟ ಸೂಜಿಯಿಂದ ಚುಚ್ಚುತ್ತಾ ಹೋಗುತ್ತೇವೆ. ಕೆಳಗಿನ ಕಾಗದದಲ್ಲಿ ಬರೀ ತೂತುಗಳು. ಅದೇ ಖಾಕಾ. ಅದನ್ನು ಗೋಡೆಗೆ ಅಂಟಿಸಿ, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ತೂತಿನೊಳಗಿಂದ ಪುಡಿ ಇಳಿದು ಗೋಡೆಯ ಮೇಲೆ ಚಿತ್ರ ಚುಕ್ಕೆಚುಕ್ಕೆಯಾಗಿ ಮೂಡುತ್ತದೆ. ತೂತು ಎರಡೂ ಕಡೆಯಿಂದ ಒಂದೇ ಥರ ಕಾಣುತ್ತದೆ. ಅದಕ್ಕೇ ಮುಮ್ಮುಖ ಯಾವುದು ಎಂದು ಗುರುತು ಇಡಬೇಕು. ನಾನು ಮೇಲಿನ ಮೂಲೆಯಲ್ಲಿ ಹುರಮಂಜಿನ, ಅಂದರೆ ಕೆಮ್ಮಣ್ಣಿನ, ಒಂದು ಕೆಂಪು ಬೊಟ್ಟು ಇಡುತ್ತಿದ್ದೆ. ಬೊಟ್ಟು ಕಂಡರೆ ಸರಿ, ಕಾಣದಿದ್ದರೆ ತಿರುವಿ ಹಚ್ಚು. ಮೂವತ್ತು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

ಘಾಟಿನ ಖಾಕಾ ಇಪ್ಪತ್ತು ಅಡಿ ಉದ್ದ. ಮುಮ್ಮುಖ ಒಳಗೆ ಬರುವಂತೆ ಸುತ್ತಿ, ಮನೆಯ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಅದು ನವರಾತ್ರಿ. ಖಂಡೆ ಪೂಜೆಯ ದಿನ ಕಸ್ತೂರಿ ಕುಂಚ, ಡಬ್ಬಿ, ದಾರ, ಏಣಿ ಎಲ್ಲಕ್ಕೂ ಪೂಜೆ ಮಾಡಿದಳು. ದಸರೆಯ ಮರುದಿನ ನಾನು ಕೆಲಸ ಶುರುಮಾಡಿದೆ.

ರಸ್ತೆಯ ಧೂಳಿಗೆಂದು ಅಟ್ಟಣಿಗೆಯ ಮುಂದೆ ಹಸಿರು ಜಾಳಿಗೆ ಕಟ್ಟಿಸಿದ್ದರು. ಜಾಳಿಗೆಗೂ ಗೋಡೆಗೂ ನಡುವೆ ಒಂದು ಮೊಳ ಜಾಗ. ಅದರೊಳಗೆ ನಾನು ನಾಲ್ಕು ದಿನ ಗೋಡೆಗೆ ಮೂಗು ಹಚ್ಚಿ ಕೆಲಸ ಮಾಡಿದೆ. ಅಷ್ಟು ಹತ್ತಿರದಿಂದ ಮೆಟ್ಟಿಲು ಕಾಣುತ್ತದೆ, ಘಾಟು ಕಾಣುವುದಿಲ್ಲ. ಕೈ ಚುಕ್ಕೆ ಹೇಳಿದ ಕಡೆ ಹೋಗುತ್ತದೆ, ತಲೆ ಹಾಯಾಗಿ ನಿದ್ದೆ ಮಾಡುತ್ತದೆ. ಖಾಕಾದ ಸುಖವೂ ಅದೇ, ಶಾಪವೂ ಅದೇ. ಅರಿವೆ ಒಗೆಯುವ ಹೆಂಗಸರು, ದೀಪ ಬಿಡುವವರು, ದಂಡೆಯ ಮೇಲೆ ನೆರೆಯುವ ಬುಧವಾರದ ಸಂತೆಯ ಕಾಯಿಪಲ್ಲೆ, ಎಲ್ಲ ಬರೆದೆ. ಯಾರ ಪಂಪನ್ನೂ ಮರೆಯಲಿಲ್ಲ.

ಐದನೆಯ ದಿನ ಬೆಳಿಗ್ಗೆ ಸಾಹೇಬರು ಬಂದರು. ಜಾಳಿಗೆ ಬಿಚ್ಚಿಸಿದರು. ನಾನು ಗೋಡೆ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ಸೊಂಟದ ಮೇಲೆ ಕೈಯಿಟ್ಟು ನೋಡಿ "ಛಾನ್, ಛಾನ್" ಎಂದರು, ಫೋಟೋ ಹೊಡೆದುಕೊಂಡರು, ಪಾಸು ಎಂದರು, ಹೋದರು. ನನಗೆ ಹೋದ ಜೀವ ಬಂದಂತಾಯಿತು. ಉಳಿದ ಬಣ್ಣದ ಡಬ್ಬಿಗಳನ್ನು ಅಂಗಡಿಗೆ ತಿರುಗಿ ಕೊಟ್ಟು ಬಂದು, ಮಧ್ಯಾಹ್ನ ಎದುರಿನ ಗಾಡಿಯಲ್ಲಿ ಚಹಾ ಹೇಳಿದೆ. ಅಷ್ಟರಲ್ಲಿ ಕಸ್ತೂರಿ ಬುತ್ತಿ ತಂದಳು. ಗಂಟು ಕೆಳಗಿಡದೆ ಗೋಡೆಯನ್ನೇ ನೋಡುತ್ತಾ ನಿಂತಳು.

"ಏನ್ರೀ," ಎಂದಳು, "ಹೊಳಿ ಹಿಂದಕ್ಕ ಯಾಕ ಹೊಂಟದ?"

"ಏನಂದಿ?"

"ರಾಮಕುಂಡ ಈ ಕಡಿಗೆ ಬಂದದಲ್ರೀ. ಮಾರುತಿ ಆ ಕಡಿಗೆ ಹೋಗ್ಯಾನ. ನಾ ಬುಧವಾರಕ್ಕೊಮ್ಮಿ ಸಂತಿಗೆ ಹೋಗಾಕಿ, ನನಗ ತಿಳ್ಯಂಗಿಲ್ಲೇನು?"

ನೋಡಿದೆ. ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿತು. ಇಡೀ ಘಾಟು ಕನ್ನಡಿಯಲ್ಲಿ ಕಂಡ ಹಾಗೆ ತಿರುವಾಗಿತ್ತು. ಅಟ್ಟಣಿಗೆಯ ಕೆಳಗೆ ಬಿದ್ದಿದ್ದ ಖಾಕಾ ಬಿಡಿಸಿ ನೋಡಿದರೆ ಮೇಲಿನ ಮೂಲೆಯಲ್ಲಿ ಕೆಂಪು ಬೊಟ್ಟು ಇತ್ತು. ತಿರುವಿದರೆ ಈ ಕಡೆಯೂ ಒಂದು ಇತ್ತು! ಒಂದು ನನ್ನ ಹುರಮಂಜು. ಇನ್ನೊಂದನ್ನು ಬೆರಳಿಂದ ಉಜ್ಜಿ ಮೂಸಿದೆ. ಕುಂಕುಮ.

ಕಸ್ತೂರಿ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ನನ ಶಿವನ! ಖಂಡೆ ಪೂಜಿ ದಿನ ನಾನss ಹಚ್ಚಿದ್ದು. ಮೂಲ್ಯಾಗ ನಿಂತಿತ್ತು, ಸುತ್ತಿಗಿಗೂ ಹಚ್ಚೀನಿ, ಇದಕ್ಕೂ ಹಚ್ಚಿದೆ. ನಿಮ್ಮ ಅನ್ನ ನಾನss ಕಳದೆನಲ್ರೀ" ಎಂದು ಅಳಲು ಶುರುಮಾಡಿದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮೂವತ್ತು ವರ್ಷ ಈಕೆ ಹಚ್ಚಿದ ಕುಂಕುಮದಿಂದಲೇ ಏಣಿಯಿಂದ ಬೀಳದೆ ಉಳಿದಿದ್ದೇನೆ ಎಂದು ನಂಬಿದವನು ನಾನು, ಈಗ ಯಾವ ಬಾಯಿಂದ ಬೈಯಲಿ?

"ಅಳಬ್ಯಾಡ," ಅಂದೆ. "ಸಾಹೇಬ್ರು ಪಾಸ್ ಮಾಡ್ಯಾರ. ಯಾರಿಗೂ ಗೊತ್ತಾಗಿಲ್ಲ. ಸುಮ್ಮ ಇದ್ದುಬಿಡೂಣು."

ಹೌದು, ನಾನು ಹಾಗೆ ಅಂದೆ. ಮುಚ್ಚಿಟ್ಟು ಬರೆದರೆ ನೀವೇನು ಕಲಿಯುತ್ತೀರಿ? ಹೇಳಿದರೆ ದತ್ತಾನ ಮಾತು ನಿಜವಾಗುತ್ತದೆ, ಪಟ್ಟಿಯಿಂದ ಹೆಸರು ಹೋಗುತ್ತದೆ. ಗಂಗೆ ಯಾವ ಕಡೆ ಹರಿಯುತ್ತಾಳೆ ಎಂದು ತಿಳಿಯದವನು ಎಂಬ ಹೆಸರು ಸಾಯುವ ತನಕ ಅಂಟಿಕೊಳ್ಳುತ್ತದೆ. ಅಷ್ಟು ವರ್ಷದ ಬಾಳು ಒಂದು ಬೊಟ್ಟಿನಲ್ಲಿ ಅಳಿಸಿಹೋಗುತ್ತದೆ.

ಕಸ್ತೂರಿ ಸೆರಗಿನಿಂದ ಮೂಗು ಒರೆಸಿಕೊಂಡು ಗೋಡೆಯ ಕಡೆ ಕೈ ತೋರಿಸಿದಳು.

"ಮಾವನ ಬೂದಿ ಎಲ್ಲಿ ಬಿಟ್ವಿ?"

"ರಾಮಕುಂಡದಾಗ."

"ಯಾವ ಕಡಿ ಹೋತು?"

ನಾನು ಬಲಗೈ ಎತ್ತಿದೆ. ಆ ದಿನ ಬೂದಿ ಮಾರುತಿಯ ಕಡೆ ತೇಲಿಕೊಂಡು ಹೋಗುವ ತನಕ ನಾನು ಮೆಟ್ಟಿಲ ಮೇಲೆ ನಿಂತಿದ್ದೆ.

"ಮತ್ತ ನೀವು ಬರ್ದಿದ್ದು ನೋಡಿದ್ರ ಮಾವ ತಿರುಗಿ ಹೊಳಿ ಹುಟ್ಟೂ ತ್ರ್ಯಂಬಕಕ್ಕ ಹೊಂಟಾರಲ್ರೀ" ಎಂದಳು. "ದಿನಾ ಈ ದಾರ್ಯಾಗ ಹೋಗೂಮುಂದ ನಿಮಗ ಕಣ್ಣು ಎತ್ತಿ ನೋಡಾಕ ಆಗ್ತದೇನು?"

ಆಗುತ್ತಿರಲಿಲ್ಲ. ಬುತ್ತಿ ಬಿಚ್ಚಲಿಲ್ಲ. ಬೇರೆಯವರ ಬಾಯಿಂದ ದತ್ತಾನಿಗೆ ತಿಳಿಯುವ ಮೊದಲು ನಾನೇ ಹೇಳುವುದು ಮೇಲು ಎಂದು ಅವನ ಓಣಿಗೆ ನಡೆದೆ. ಪಂಚವಟಿಯ ಆ ಸಂದಿಗಳಲ್ಲಿ ರಿಕ್ಷಾದವರು, ಪೂಜಾರಿಗಳು, ಹೂವಿನ ಬುಟ್ಟಿಗಳ ನಡುವೆ ನಡೆಯುವಾಗ ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದಾರೆ ಅನಿಸಿತು. ದತ್ತಾ ಕಟ್ಟೆಯ ಮೇಲೆ ಕುಳಿತು ಕುಂಚದ ಕೂದಲು ಕತ್ತರಿಸುತ್ತಿದ್ದ.

"ದತ್ತಾ, ನನ್ನ ಗೋಡಿ ತಪ್ಪಾಗ್ಯದ" ಎಂದೆ. "ಖಾಕಾ ತಿರುವಿ ಹಚ್ಚೀನಿ. ಗಂಗಿ ಉಲ್ಟಾ ಹರೀಲಿಕ್ಕತ್ತಾಳ. ನೀ ಸಭಾದಾಗ ಹೇಳಿದ್ದು ಸರಿ ಇತ್ತು. ಈಗ ನಗೂದು ಎಷ್ಟು ನಗ್ತೀ ನಕ್ಕುಬಿಡು."

ದತ್ತಾ ನಗಲಿಲ್ಲ. ಕತ್ತರಿ ಕೆಳಗಿಟ್ಟ. ಕಣ್ಣು ಮುಚ್ಚಿ, ಗಾಳಿಯಲ್ಲಿ ಬೆರಳು ಆಡಿಸಿ ಎಡ ಬಲ ಲೆಕ್ಕ ಹಾಕಿದ. ಅವನ ಮುಖ ನಿಧಾನವಾಗಿ ಬದಲಾಯಿತು.

"ನಾ ಮುಂಜಾನೆ ನೋಡಿ ಬಂದೆ" ಎಂದ.

"ಏನು?"

"ಜಾಳಗಿ ಬಿಚ್ಚ್ಯಾರ ಅಂತ ಕೇಳಿ ಸ್ಕೂಟರ್ ತಗೊಂಡು ಹೋಗಿದ್ದೆ. ಏನರ ತಪ್ಪು ಸಿಗತದೇನು ಅಂತ ಹುಡುಕಲಿಕ್ಕೇ ಹೋಗಿದ್ದೆ ಭೀಮೂ, ಸುಳ್ಳು ಯಾಕ ಹೇಳ್ಲಿ. ಅರ್ಧಾ ತಾಸು ನಿಂತೆ. ಸಿಗಲಿಲ್ಲ. ಹೊಟ್ಟಿ ಉರೀತು, ಮನಿಗೆ ಬಂದು ಚಹಾನೂ ಕುಡಿಲಿಲ್ಲ." ತಲೆ ಕೊಡವಿದ. "ಮೂರು ತಲಿಮಾರಿನಿಂದ ಇದೇ ದಂಡಿ ಮ್ಯಾಲ ಇದ್ದಂವ ನಾನು. ನನ್ನ ಗಂಗಿ ತಿರುಗಿ ಹೊಂಟಿದ್ದು ನನಗ ಕಾಣಲಿಲ್ಲ. ಯಾರು ಹೇಳಿದ್ರು ನಿನಗ?"

"ಕಸ್ತೂರಿ."

"ವಹಿನಿ? ನಮ್ಮ ಅತ್ತಿಗಿ?" ದತ್ತಾ ಈಗ ನಕ್ಕ. ಆದರೆ ಅದು ನನ್ನ ಮೇಲಿನ ನಗುವಾಗಿರಲಿಲ್ಲ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕುಂಕುಮದ ಕಥೆ ಹೇಳಿದ ಮೇಲಂತೂ ಕಟ್ಟೆಯ ಮೇಲೆ ಅಡ್ಡಬಿದ್ದ. ನನಗೂ ತಡೆಯಲಾಗಲಿಲ್ಲ. ಎದೆಯ ಮೇಲೆ ಕುಳಿತಿದ್ದ ಕಲ್ಲು ಯಾವಾಗ ಇಳಿಯಿತೋ ಗೊತ್ತಾಗಲಿಲ್ಲ. ಇಬ್ಬರು ಅರ್ಧಮುದುಕರು ಓಣಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಒಂದು ನಾಯಿ ಬೊಗಳಿತು.

ಸಾಹೇಬರಿಗೆ ಫೋನ್ ಮಾಡಿದೆವು. ಅವರು ಬೇರೆ ಜಿಲ್ಲೆಯಿಂದ ಬದಲಿಯಾಗಿ ಬಂದವರು. "ಅರೇ, ನದಿ ನದಿಯೇ ಅಲ್ಲವೇ? ಯಾರು ನೋಡುತ್ತಾರೆ, ಬಿಡಿ" ಎಂದರು. ದತ್ತಾ ಫೋನು ಕಸಿದುಕೊಂಡು, "ಸಾಹೇಬ್, ಊರಿನ ಮಂದಿ ನೋಡ್ತಾರ. ನಾವು ಇಬ್ಬರೂ ಈ ಊರಿನವರು, ಹೇಳ್ಲಿಕ್ಕತ್ತೀವಿ" ಎಂದ. ಎರಡು ದಿನದ ಅವಕಾಶ ಸಿಕ್ಕಿತು.

ಗೋಡೆಗೆ ಬಿಳಿ ಪ್ರೈಮರ್ ಬಳಿದೆವು. ನಾಲ್ಕು ದಿನದ ಕೆಲಸ ಒಂದು ತಾಸಿನಲ್ಲಿ ಹೋಯಿತು. ಆದರೆ ಮಾರುತಿಯ ಮುಂದೆ ಬಂದಾಗ ದತ್ತಾ ರೋಲರ್ ನಿಲ್ಲಿಸಿ, "ಇವನೊಬ್ಬಗ ಏನೂ ಆಗಿಲ್ಲ ನೋಡು. ಎರಡೂ ಕಡೆ ಮುಖ, ಯಾವ ಕಡಿ ಹರದ್ರೂ ಇವಗ ಸರಿ" ಎಂದ. ಈ ಸಲ ಖಾಕಾವನ್ನು ಕಸ್ತೂರಿಯೇ ಹಿಡಿದು ನಿಂತಳು. ಹುರಮಂಜಿನ ಬೊಟ್ಟನ್ನು ಮೂರು ಸಲ ಮುಟ್ಟಿ ನೋಡಿ, ಹಚ್ಚಿರಿ ಎಂದಳು. ದತ್ತಾ ದೇವಸ್ಥಾನ, ಮೆಟ್ಟಿಲು ಮಾಡಿದ, ನಾನು ಮಂದಿ ಮತ್ತು ನೀರು. ನೀರಿಗೆ ಬಣ್ಣ ಕಲಸಿದ್ದು ಕಸ್ತೂರಿ. ಮಳೆಗಾಲ ಮುಗಿದ ಮೇಲಿನ ಗಂಗೆಯ ಬಣ್ಣ ಮಣ್ಣೂ ಅಲ್ಲ ಹಸಿರೂ ಅಲ್ಲ, ಬೆಲ್ಲದ ಪಾನಕಕ್ಕೆ ಒಂದು ಹನಿ ಹಸಿರು ಬಿದ್ದ ಹಾಗೆ. ಅದು ಆಕೆಗೆ ಬಿಟ್ಟರೆ ಇನ್ನಾರಿಗೂ ಬರಲಿಲ್ಲ. ಈ ಸಲ ಜಾಳಿಗೆ ಕಟ್ಟಲಿಲ್ಲ. ಗಂಟೆಗೊಮ್ಮೆ ಇಳಿದು ರಸ್ತೆ ದಾಟಿ ಆ ಕಡೆ ನಿಂತು ನೋಡಿದೆವು. ಹೋಗಿಬರುವ ಮಂದಿಯೂ ನಿಂತರು. ಹೂ ಮಾರುವ ಒಬ್ಬಳು ತನ್ನ ಬುಟ್ಟಿಯನ್ನು ಚಿತ್ರದಲ್ಲಿ ಹುಡುಕಿ, ಸಿಕ್ಕ ಮೇಲೆ ನಮಗೆ ಒಂದೊಂದು ಮೊಳ ಶೇವಂತಿಗೆ ಕೊಟ್ಟು ಹೋದಳು.

ಎರಡನೆಯ ದಿನ ಸಂಜೆ ಬಿಸಿಲಿರುವಾಗಲೇ ಕೆಲಸ ಮುಗಿಯಿತು. ನೀರು ಎಡದಿಂದ ಬಲಕ್ಕೆ ಹರಿಯುತ್ತಿತ್ತು. ಅಪ್ಪ ಹೋದ ಕಡೆಗೇ. ನಾನು ಬಹಳ ದಿನಗಳ ಮೇಲೆ ಎದೆ ತುಂಬ ಉಸಿರು ತೆಗೆದುಕೊಂಡೆ. ಮೂಲೆಯಲ್ಲಿ ಸಹಿ ಹಾಕಲು ಸಣ್ಣ ಕುಂಚ ಹಿಡಿದು ಕುಳಿತೆ. 'ಭೀಮೂ ಪೇಂಟರ್' ಎಂದು ಬರೆದೆ, ಚುಕ್ಕೆ ಇಟ್ಟೆ, ಅಭ್ಯಾಸದಂತೆ ಮುಂದೆ ಜಾಗ ಬಿಟ್ಟು ಏಳಲು ಹೋದೆ.

ದತ್ತಾ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. "ಇಷ್ಟು ವರ್ಷ ನೋಡ್ಲಿಕ್ಕತ್ತೀನಿ. ಪ್ರತಿ ಗೋಡಿ ಮ್ಯಾಲೂ ಇಲ್ಲಿ ಖಾಲಿ ಬಿಡ್ತೀ. ಯಾರಿಗೆ ಇಟ್ಟೀ ಈ ಜಾಗಾ?"

ಉಸ್ತಾದರ ಮಾತು ಹೇಳಿದೆ. ಊರು ಸಿಕ್ಕ ಮೇಲೆ ಬರಿ ಎಂದಿದ್ದರು ಅಂದೆ.

ದತ್ತಾ ನನ್ನ ಕೈಯಿಂದ ಕುಂಚ ತೆಗೆದುಕೊಂಡ. ಅಜ್ಜನಿಂದ ಬಂದ ಆ ಬಂಗಾರದ ಕೈಯಿಂದ, ನನ್ನ ಹೆಸರಿನ ಮುಂದೆ, ದಪ್ಪ ಅಕ್ಷರದಲ್ಲಿ 'ಪಂಚವಟಿ' ಎಂದು ಬರೆದ. ನಾಶಿಕ ಎಂದು ಬರೆದಿದ್ದರೂ ನನಗೆ ಸಾಕಾಗಿತ್ತು. ಅವನು ತನ್ನ ಓಣಿಯನ್ನೇ ಬರೆದ. ನಾನು ಅತ್ತೆ. ಕಸ್ತೂರಿಯೂ ಅತ್ತಳು. ದತ್ತಾ ಬೇರೆ ಕಡೆ ಮುಖ ಮಾಡಿ ತಂಬಾಕು ತಿಕ್ಕುತ್ತಾ ನಿಂತ. ಆ ದಿನ ಬುತ್ತಿಯ ಜೋಳದ ರೊಟ್ಟಿ ಮೂವರಿಗೂ ಸಾಕಾಗಲಿಲ್ಲ.

ಪಟ್ಟಿ ಬಂತು. ಹೆಸರೂ ಬಂತು. ಆದರೆ ಅದನ್ನು ನೋಡಲು ನಾನು ಹೋಗಲಿಲ್ಲ, ದತ್ತಾನೇ ಹೇಳಿದ. ಆ ಹೊತ್ತಿಗೆ ನಾವಿಬ್ಬರೂ ಇನ್ನೊಂದು ಗೋಡೆಯ ಮುಂದೆ, ಹೆಲ್ಮೆಟ್ಟು ಬರೆಯಬೇಕೋ ಬೇಡವೋ ಎಂದು ಜಗಳವಾಡುತ್ತಿದ್ದೆವು.

ಲಕ್ಷ್ಮೀ, ಮತ್ತೆ ನಿನ್ನ ಸಂಗಡಿಗರೇ, ಪ್ರೊಜೆಕ್ಟರ್ ಕೈಕೊಟ್ಟು ಎಂದಾದರೂ ಖಾಕಾ ಹಚ್ಚುವ ದಿನ ಬಂದರೆ ಗುರುತನ್ನು ನೀಲಿ ಬಣ್ಣದಲ್ಲಿ ಹಾಕಿರಿ, ಕೆಂಪು ಬೇಡ. ಗೋಡೆಯಿಂದ ಇಳಿದು ರಸ್ತೆ ದಾಟಿ ನೋಡಿರಿ. ನೋಡುವಾಗ ಪಕ್ಕದಲ್ಲಿ ಪ್ರತಿ ವಾರ ಸಂತೆಗೆ ಹೋಗುವ ಒಬ್ಬರನ್ನು ನಿಲ್ಲಿಸಿಕೊಳ್ಳಿರಿ. ನನ್ನ ಪಕ್ಕದಲ್ಲಿ ಇದ್ದಳು, ಅದಕ್ಕೇ ನಾನು ಬಚಾವಾದೆ. ಮೊಣಕಾಲು ನೋವಿದ್ದರೂ ಈಗಲೂ ಬುಧವಾರ ಸಂತೆಗೆ ಇಬ್ಬರೂ ಹೋಗುತ್ತೇವೆ. ಬರುವಾಗ ಆ ಗೋಡೆಯ ಮುಂದೆ ಹಾಯುತ್ತೇವೆ. ಕಸ್ತೂರಿ ಚೀಲ ಕೆಳಗಿಟ್ಟು ನೀರು ಯಾವ ಕಡೆ ಹೊರಟಿದೆ ಎಂದು ಒಮ್ಮೆ ನೋಡಿ, ಸರಿ ಅದ, ನಡೀರಿ ಎನ್ನುತ್ತಾಳೆ.